ಕುಕ್ಕುಟಧ್ವನಿ ಮೀಮಾಂಸೆ: ನಾಯಿಯೂಟದ ಚೀಲದ ಒಂದು ಅನುಸಂಧಾನಾತ್ಮಕ ಓದು

ಅಧ್ಯಾಯ 1: ಪ್ರವೇಶಿಕೆ

ಜಾಗತೀಕರಣೋತ್ತರ ನಗರ ಸಂದರ್ಭದಲ್ಲಿ ಮನುಷ್ಯ ಮತ್ತು ಶ್ವಾನಗಳ ಸಂಬಂಧವನ್ನು ಹೊಸ ನೆಲೆಯಲ್ಲಿ ಮುಖಾಮುಖಿಯಾಗಿಸುವ, ಆ ಮೂಲಕ ಅನ್ನದ ರಾಜಕಾರಣವನ್ನು ಮರುಕಟ್ಟಿಕೊಡುವ ಬಹುಆಯಾಮದ ಪಠ್ಯವಾಗಿ ನಾಯಿಯೂಟದ ಚೀಲವು ನಮ್ಮೆದುರು ನಿಲ್ಲುತ್ತದೆ. ನಿಲ್ಲುತ್ತದೆ ಎಂಬುದನ್ನು ವಾಚ್ಯಾರ್ಥದಲ್ಲಿ ಹಿಡಿಯಬಾರದು. ಹತ್ತು ಕೆಜಿಯ ಚೀಲ ಗೋಡೆಗೆ ಒರಗಿಸದಿದ್ದರೆ ಮಗುಚುತ್ತದೆ. ಕನ್ನಡ ವಿಮರ್ಶೆ ಈ ಪಠ್ಯವನ್ನು ಅನುಸಂಧಾನಕ್ಕೆ ಒಳಪಡಿಸಿಲ್ಲ. ಆ ಕೊರತೆಯನ್ನು ತುಂಬುವ ವಿನಮ್ರ ಪ್ರಯತ್ನವಿದು. ವಿನಮ್ರ ಎಂಬ ಪದವನ್ನು ಎಲ್ಲರೂ ಹಾಕುತ್ತಾರೆ, ಹಾಗಾಗಿ ಹಾಕಿದ್ದೇನೆ.

1.1 ವ್ಯಾಪ್ತಿ ಮತ್ತು ಮಿತಿ

ವ್ಯಾಪ್ತಿ: ಬೆಂಗಳೂರಿನ ಒಂದು ಪೆಟ್ ಶಾಪಿನ ಎಡಗೋಡೆ. ಮಿತಿ: ಲೇಖಕನ ಪರ್ಸು. ಮಾಹಿತಿದಾತ: ಟೀ ಶರ್ಟಿನ ಮೇಲೆ ‘ನ್ಯೂಟ್ರಿಷನ್ ಅಡ್ವೈಸರ್’ ಎಂದು ಬರೆಸಿಕೊಂಡಿದ್ದ ತರುಣ. ಕ್ಷೇತ್ರಕಾರ್ಯದ ಮೊದಲ ಸಂವಾದ ಹೀಗಿದೆ:

‘ನೀವು ಪೇರೆಂಟಾ ಸರ್?’

‘ಹೌದಪ್ಪ, ಮಗಳು ಎಂಟೆಕ್ ಮಾಡ್ತಿದ್ದಾಳೆ.’

‘ಅಲ್ಲ ಸರ್, ಬೇಬಿ ಯಾವ ಬ್ರೀಡು?’

‘ಬೀದೀದು’ ಎಂದೆ. ಅವನು ಮೆತ್ತಗೆ ‘ಇಂಡೀ’ ಎಂದು ತಿದ್ದಿ, ಅತಿ ದುಬಾರಿ ಚೀಲದ ಕಡೆ ಕೈ ತೋರಿಸಿದ. ಪೇರೆಂಟ್ ಎನಿಸಿಕೊಂಡವರು ಬೆಲೆ ಕೇಳುವಂತಿಲ್ಲ. ಕೇಳಿದರೆ ಪ್ರೀತಿ ಕಮ್ಮಿ ಎಂದರ್ಥ.

ಅಧ್ಯಾಯ 2: ಪೂರ್ವಸೂರಿ ಸಮೀಕ್ಷೆ

ಈ ಪರಂಪರೆಯ ಆದ್ಯ ಪ್ರವರ್ತಕ ಜೇಮ್ಸ್ ಸ್ಪ್ರಾಟ್ ಎಂಬ ಅಮೆರಿಕನ್. 1860ರ ಸುಮಾರಿಗೆ ಇಂಗ್ಲೆಂಡಿಗೆ ಮಿಂಚು ತಡೆಯುವ ಸರಳು ಮಾರಲು ಹೋದವನು, ಹಡಗುಕಟ್ಟೆಯಲ್ಲಿ ನಾವಿಕರ ಒಣ ಬಿಸ್ಕತ್ತನ್ನು ನಾಯಿಗಳು ಕಡಿಯುತ್ತಿದ್ದುದನ್ನು ಕಂಡು ನಾಯಿ ಬಿಸ್ಕತ್ತು ಮಾಡಿದನೆಂದು ಐತಿಹ್ಯ. ಅದರ ಹೆಸರಲ್ಲೇ ‘ಮೀಟ್ ಫೈಬ್ರಿನ್’ ಎಂಬ ಮಾತಿತ್ತು. ಬರೀ ಮಾಂಸ ಎಂದಿದ್ದರೆ ಕೊಳ್ಳುವವರಿಗೆ ಅರ್ಥವಾಗಿಬಿಡುತ್ತಿತ್ತು. ಅವನಲ್ಲಿ ಕೆಲಸಕ್ಕಿದ್ದ ಚಾರ್ಲ್ಸ್ ಕ್ರಫ್ಟ್ 1891ರಲ್ಲಿ ತನ್ನ ಹೆಸರಿನ ನಾಯಿ ಪ್ರದರ್ಶನ ಶುರುಮಾಡಿದ. ನಾಯಿಯೂಟ ಮಾರುವವರೂ ನಾಯಿಯ ಅಂತಸ್ತು ನಿರ್ಧರಿಸುವವರೂ ಒಂದೇ ಅಂಗಡಿಯವರು ಎಂಬುದು ಹೊಸ ವಿದ್ಯಮಾನವಲ್ಲ.

ಎರಡನೇ ಮಹಾಯುದ್ಧದಲ್ಲಿ ತಗಡಿಗೆ ಬರ ಬಂದು ಡಬ್ಬಿಯ ಆಹಾರ ಹಿಂದೆ ಸರಿಯಿತು, ಒಣ ಆಹಾರ ಮುಂದೆ ಬಂತು. ಬೆಳಗಿನ ಸೀರಿಯಲ್ ಉಬ್ಬಿಸುವ ಯಂತ್ರದ ತಂತ್ರವನ್ನೇ ಬಳಸಿ ಪ್ಯೂರಿನಾ ಕಂಪನಿ 1957ರಲ್ಲಿ ನಾಯಿಯ ಕಾಳು ಹೊರತಂದಿತು. ಹಿಟ್ಟು, ಮಾಂಸದ ಪುಡಿ ಕಲಸಿ, ಬಿಸಿಯಲ್ಲಿ ಒತ್ತಿ ಉಬ್ಬಿಸಿ, ಒಣಗಿಸಿ, ಮೇಲೆ ಕೊಬ್ಬು ಮತ್ತು ರುಚಿರಸ ಸಿಂಪಡಿಸುವುದು ಇಂದಿಗೂ ವಿಧಾನ. ಇಷ್ಟು ಸಮೀಕ್ಷೆ ಸಾಕು.

ಅಧ್ಯಾಯ 3: ಕುಕ್ಕುಟದ ಶಬ್ದಶಕ್ತಿ

ಶಬ್ದಕ್ಕೆ ಅಭಿಧಾ, ಲಕ್ಷಣಾ, ವ್ಯಂಜನಾ ಎಂಬ ಮೂರು ಶಕ್ತಿಗಳುಂಟೆಂದು ನಮ್ಮ ಆಲಂಕಾರಿಕರು ಹೇಳಿದರು. ಅವರ ಕಾಲಕ್ಕೆ ಕೋಳಿ ಅಂಗಳದಲ್ಲಿತ್ತು, ಚೀಲದ ಮೇಲೆ ಹತ್ತಿರಲಿಲ್ಲ. ಅಮೆರಿಕದಲ್ಲಿ ಪಶು ಆಹಾರ ನಿಯಂತ್ರಣಾಧಿಕಾರಿಗಳ ಸಂಘವೊಂದಿದೆ, ಹ್ರಸ್ವವಾಗಿ ಆಫ್ಕೊ. ಅದರ ಹೆಸರಿಡುವ ನಿಯಮಗಳನ್ನು ಓದಿದವರಿಗೆ ಅದು ಧ್ವನಿಯೇ ಕಾವ್ಯದ ಆತ್ಮವೆಂದ ಆನಂದವರ್ಧನನ ಶಿಷ್ಯಪರಂಪರೆಯದೆಂಬುದರಲ್ಲಿ ಸಂದೇಹ ಉಳಿಯದು.

‘ಚಿಕನ್ ಡಾಗ್ ಫುಡ್’ ಎಂದಷ್ಟೇ ಹೆಸರಿದ್ದರೆ, ತಯಾರಿಕೆಗೆ ಬಳಸಿದ ನೀರು ಬಿಟ್ಟು ಒಳಗೆ 95% ಕೋಳಿ ಇರಬೇಕು. ಇದು ಅಭಿಧಾ: ಕೋಳಿ ಎಂದರೆ ಕೋಳಿ. ‘ಚಿಕನ್ ಡಿನ್ನರ್’, ‘ಚಿಕನ್ ಫಾರ್ಮುಲಾ’ ಎಂದರೆ 25% ಸಾಕು. ಇದು ಲಕ್ಷಣಾ. ಗಂಗೆಯಲ್ಲಿ ಹಳ್ಳಿಯಿದೆ ಎಂದರೆ ದಡದಲ್ಲಿದೆ ಎಂದು ತಿಳಿಯಬೇಕಂತೆ. ಇಲ್ಲಿ ದಡದಲ್ಲಿ ನಿಂತಿರುವುದು ಕೋಳಿ. ‘ವಿತ್ ಚಿಕನ್’ ಎಂದರೆ 3%. ಆ ಪುಟ್ಟ ‘ವಿತ್’ ಬಂದು ಕೂತೊಡನೆ ಕೋಳಿ ವ್ಯಂಜನಾವೃತ್ತಿಗೆ ಸರಿಯುತ್ತದೆ. ಕಡೆಯದು ‘ಚಿಕನ್ ಫ್ಲೇವರ್’. ಇದಕ್ಕೆ ಪ್ರಮಾಣವೇ ಇಲ್ಲ. ಇದೆಯೆಂದು ಪತ್ತೆಯಾದರೆ ಆಯಿತು. ವಾಚ್ಯವೆಲ್ಲ ಕರಗಿ ಧ್ವನಿಯೊಂದೇ ಉಳಿದ ಈ ಸ್ಥಿತಿಯನ್ನೇ ಅಲ್ಲವೇ ನಾವು ಉತ್ತಮ ಕಾವ್ಯ ಎಂದು ಕರೆದದ್ದು?

ಧ್ವನಿಗೆ ಸಹೃದಯ ಬೇಕು. ಆ ಏರ್ಪಾಡೂ ಅಲ್ಲಿದೆ. ನಿರ್ದಿಷ್ಟ ರುಚಿಯನ್ನೇ ಆರಿಸಿಕೊಳ್ಳುವಂತೆ ಪಳಗಿಸಿದ ಪ್ರಾಣಿಗಳಿಗೆ ತಿನ್ನಿಸಿ ಫ್ಲೇವರ್ ಇದೆಯೋ ಇಲ್ಲವೋ ಪರೀಕ್ಷಿಸುವ ವಿಧಾನವುಂಟು. ಸಹೃದಯತೆಯನ್ನು ತರಬೇತಿಯಿಂದ ತರಬಹುದೆಂದು ನಮ್ಮ ವಿಶ್ವವಿದ್ಯಾಲಯಗಳೂ ನಂಬಿವೆ. ಫಲಿತಾಂಶದಲ್ಲಿ ಪ್ರಾಣಿಗಳೇ ಮುಂದಿವೆ.

ಈ ನುಡಿಗಟ್ಟುಗಳು ನಮ್ಮ ಅಂಗಡಿಗಳ ಚೀಲಗಳ ಮೇಲೂ ಹರಿದು ಬಂದಿವೆ. ಅವುಗಳ ಜೊತೆ ನಿಯಮವೂ ಬಂದಿದೆಯೇ ಎಂದು ಮಾಹಿತಿದಾತನನ್ನು ಕೇಳಿದೆ. ‘ಇಂಪೋರ್ಟೆಡ್ ಸರ್’ ಎಂದ.

3.1 ವಿಶೇಷಣ ವಿಚಾರ

ಪ್ರೀಮಿಯಂ, ಸೂಪರ್ ಪ್ರೀಮಿಯಂ, ಗೂರ್ಮೆ, ಹೋಲಿಸ್ಟಿಕ್. ಇವುಗಳಿಗೆ ಆ ಅಮೆರಿಕದಲ್ಲೂ ಕಾನೂನಿನ ವ್ಯಾಖ್ಯೆಯಿಲ್ಲ. ‘ಗ್ರೇನ್ ಫ್ರೀ’ ಚೀಲದ ಮೇಲೆ ಹಿಮದಲ್ಲಿ ನಿಂತ ತೋಳದ ಚಿತ್ರವಿರುತ್ತದೆ: ನಿಮ್ಮ ನಾಯಿಯೊಳಗಿನ ತೋಳಕ್ಕೆ ಧಾನ್ಯ ಒಗ್ಗದು ಎಂಬುದು ಧ್ವನಿ. ನಮ್ಮ ಜಿಮ್ಮಿಯೊಳಗೆ ತೋಳವಿದ್ದರೆ ಅದು ಕುಕ್ಕರ್ ಕೂಗಿದರೆ ಮಂಚದಡಿ ಸೇರುವ ತೋಳ. ಪಿಷ್ಟ ಅರಗಿಸುವ ಜೀನಿನ ಪ್ರತಿಗಳು ತೋಳಕ್ಕಿಂತ ನಾಯಿಯಲ್ಲಿ ಬಹಳ ಹೆಚ್ಚು ಎಂದು 2013ರಲ್ಲೇ ವಿಜ್ಞಾನಿಗಳು ತೋರಿಸಿದ್ದಾರೆ. ಮನುಷ್ಯನ ಎಂಜಲು ತಿಂದೇ ನಾಯಿ ನಾಯಿಯಾಯಿತು ಎಂಬ ವಾದವೂ ಇದೆ. 2018ರಲ್ಲಿ ಅಮೆರಿಕದ ಎಫ್‌ಡಿಎ, ಧಾನ್ಯ ಬಿಟ್ಟು ಬಟಾಣಿ, ಬೇಳೆ, ಆಲೂಗಡ್ಡೆ ತುಂಬಿದ ಆಹಾರಕ್ಕೂ ನಾಯಿಗಳ ಒಂದು ಹೃದಯರೋಗಕ್ಕೂ ನಂಟಿರಬಹುದೇ ಎಂದು ತನಿಖೆ ಶುರುಮಾಡಿತು. ನಂಟು ಇದೆಯೆಂದು ಸಾಬೀತಾಗಿಲ್ಲ. ಆದರೆ ಅಕ್ಕಿ ತೆಗೆದದ್ದಕ್ಕೆ ಹೆಚ್ಚು ದುಡ್ಡು ಕೊಟ್ಟದ್ದು ಸಾಬೀತಾಗಿದೆ.

ಕಾಳಿನಲ್ಲಿ ಕೆಂಪು, ಹಸಿರು ಚೂರುಗಳಿರುತ್ತವೆ, ಕ್ರಮವಾಗಿ ಮಾಂಸ ಮತ್ತು ತರಕಾರಿಯ ಪ್ರತಿಮೆಗಳಾಗಿ. ನಾಯಿಯ ಕಣ್ಣಿಗೆ ಕೆಂಪಿಗೂ ಹಸಿರಿಗೂ ಭೇದ ತಿಳಿಯದು. ಪ್ರತಿಮೆಗಳು ಪೇರೆಂಟಿಗೆ.

ಅಧ್ಯಾಯ 4: ಒಡೆಯರ ನವವಿಧ ವರ್ಗೀಕರಣ

ಒಂದನೆಯವರು ಪೇರೆಂಟರು. ನಾಯಿಗೆ ಹುಟ್ಟುಹಬ್ಬ ಮಾಡುತ್ತಾರೆ, ಕೇಕ್ ತಾವು ತಿನ್ನುತ್ತಾರೆ.

ಎರಡನೆಯವರು ಸನಾತನಿಗಳು. ‘ನಮ್ಮಜ್ಜನ ಕಾಲದ ನಾಯಿ ಬರೀ ಮುದ್ದೆ ತಿಂದು ಹದಿನೈದು ವರ್ಷ ಬದುಕಿತ್ತು ಕಣ್ರೀ’ ಎನ್ನುವವರು. ರಾಗಿ ಒಳ್ಳೆಯದೇ, ಸುಣ್ಣದ ಅಂಶದಲ್ಲಿ ಅಕ್ಕಿ, ಗೋಧಿ ಅದರ ಹತ್ತಿರ ಸುಳಿಯವು. ಆದರೆ ಆ ನಾಯಿಯ ಪಾಲಿಗೆ ಮುದ್ದೆಯ ಜೊತೆ ಹೊಲದ ಇಲಿಯೂ, ಹಬ್ಬದ ದಿನದ ಮೂಳೆಯೂ ಇತ್ತು. ಎರಡೇ ವರ್ಷಕ್ಕೆ ಸತ್ತ ನಾಯಿಗಳನ್ನು ಅಜ್ಜನ ಕಾಲದಿಂದ ಯಾರೂ ಉದ್ಧರಿಸುವುದಿಲ್ಲ.

ಮೂರನೆಯವರು ಬಿರಿಯಾನಿವಾದಿಗಳು. ಭಾನುವಾರ ಉಳಿದದ್ದು ನಾಯಿಗೆ. ಈರುಳ್ಳಿ, ಬೆಳ್ಳುಳ್ಳಿ ನಾಯಿಯ ರಕ್ತಕಣಗಳನ್ನು ಒಡೆಯುತ್ತವೆ ಎಂದು ಹೇಳಿ ನೋಡಿ: ‘ಇಷ್ಟು ವರ್ಷದಿಂದ ತಿಂತಾ ಇದೆಯಲ್ಲ?’

ಉಳಿದ ಆರು ವರ್ಗಗಳ ಲಕ್ಷಣ ಬರೆಯುವ ಉತ್ಸಾಹ ಇಳಿದಿದೆ. ಅಕ್ಕಪಕ್ಕದ ಮನೆಗಳಲ್ಲಿ ಸಿಗುತ್ತಾರೆ, ನೋಡಿಕೊಳ್ಳಿ.

ಅಧ್ಯಾಯ 5: ಪ್ರೋಟೀನಿನ ಪ್ರಮಾಣಶಾಸ್ತ್ರ

ಡಬ್ಬಿಯ ಮೇಲೆ ಪ್ರೋಟೀನ್ 10%, ಚೀಲದ ಮೇಲೆ 24%. ಯಾವುದು ಹೆಚ್ಚು? ಡಬ್ಬಿಯಲ್ಲಿ 78% ನೀರಿದ್ದರೆ ಉಳಿದ 22ರಲ್ಲಿ 10, ಅಂದರೆ 45%. ಕಾಳಿನಲ್ಲಿ 10% ನೀರಿದ್ದರೆ 90ರಲ್ಲಿ 24, ಅಂದರೆ 27%. ಈ ಭಾಗಾಕಾರ ಏಳನೇ ತರಗತಿಯದು. ಚೀಲದವರು ತಾವೇ ಮಾಡಿ ಅಚ್ಚು ಹಾಕಬಹುದಿತ್ತು. ಪದಾರ್ಥಗಳ ಪಟ್ಟಿಯಲ್ಲೂ ಇದೇ ಆಟ. ತೂಕದ ಇಳಿಕೆ ಕ್ರಮದಲ್ಲಿ ಬರೆಯುತ್ತಾರೆ, ನೀರಿನ ತೂಕವೂ ಸೇರಿ. ಹಾಗಾಗಿ ಹಸಿ ಕೋಳಿ ಮೊದಲ ಸಾಲಿನಲ್ಲಿ ಮೆರೆಯುತ್ತದೆ. ಅಕ್ಕಿ, ಅಕ್ಕಿನುಚ್ಚು, ಅಕ್ಕಿತೌಡು ಎಂದು ಒಂದನ್ನೇ ಮೂರು ಮಾಡಿದರೆ ಮೂರೂ ಕೆಳಗಿಳಿಯುತ್ತವೆ.

ಇನ್ನು ಆ ‘ಕ್ರೂಡ್ ಪ್ರೋಟೀನ್’. ಅದು ಪ್ರೋಟೀನನ್ನು ಅಳೆದ ಸಂಖ್ಯೆಯಲ್ಲ. 1883ರಲ್ಲಿ ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಬಿಯರ್ ಪ್ರಯೋಗಾಲಯದಲ್ಲಿ ಯೋಹಾನ್ ಕೆಲ್ಡಾಲ್ ಎಂಬಾತ ಸಾರಜನಕ ಅಳೆಯುವ ದಾರಿ ಕಂಡುಹಿಡಿದ. ಆ ಸಾರಜನಕವನ್ನು 6.25ರಿಂದ ಗುಣಿಸಿ ಪ್ರೋಟೀನ್ ಎನ್ನುತ್ತೇವೆ. ಸಾರಜನಕ ಎಲ್ಲಿಂದ ಬಂತೆಂದು ಈ ಪರೀಕ್ಷೆ ಕೇಳುವುದಿಲ್ಲ. ಮೆಲಮೈನ್ ಎಂಬ, ಪ್ಲಾಸ್ಟಿಕ್ ತಟ್ಟೆ ಮಾಡುವ ರಾಸಾಯನಿಕದ ತೂಕದಲ್ಲಿ ಮೂರರಲ್ಲಿ ಎರಡು ಪಾಲು ಸಾರಜನಕ. ಚೀನಾದಿಂದ ಬಂದ ಗೋಧಿ ಗ್ಲೂಟೆನ್ನಿಗೆ ಅದನ್ನು ಬೆರೆಸಿದ್ದರು. 2007ರ ಮಾರ್ಚಿನಲ್ಲಿ ಉತ್ತರ ಅಮೆರಿಕದಲ್ಲಿ ನಾಯಿಬೆಕ್ಕುಗಳ ಮೂತ್ರಪಿಂಡದಲ್ಲಿ ಹರಳು ಕಟ್ಟಿ ಅವು ಸಾಯತೊಡಗಿದಾಗ ಆ ಗ್ಲೂಟೆನ್ ಸೇರಿದ್ದ ಆಹಾರದ ಡಬ್ಬಿಗಳನ್ನು ವಾಪಸು ತರಿಸಿಕೊಂಡರು. ಅಗ್ಗದ್ದೂ ದುಬಾರಿಯದೂ ಒಂದೇ ಕಾರ್ಖಾನೆಯಲ್ಲಿ ತಯಾರಾಗುತ್ತಿತ್ತೆಂದು ಜನಕ್ಕೆ ಗೊತ್ತಾದದ್ದು ಆಗ. ಎಷ್ಟು ಸತ್ತವು? ಪಕ್ಕಾ ಲೆಕ್ಕವಿಲ್ಲ. ನಾಯಿಯ ಮರಣ ಬರೆದಿಡುವ ಕಚೇರಿ ಯಾವ ಊರಲ್ಲಿದೆ?

ಇಲ್ಲಿ ಅಣಕಕ್ಕೆ ನಾಲಗೆ ಏಳುತ್ತಿಲ್ಲ. ಅದೇ ಮೆಲಮೈನ್, ಅದೇ ಸಾರಜನಕದ ಲೆಕ್ಕ, ಮರುವರ್ಷ ಚೀನಾದಲ್ಲಿ ಎಳೆಗೂಸುಗಳ ಹಾಲಿನ ಪುಡಿಯೊಳಗೆ ಸಿಕ್ಕಿತು. ಸುಮಾರು ಮೂರು ಲಕ್ಷ ಮಕ್ಕಳು ಕಾಯಿಲೆ ಬಿದ್ದರು, ಆರು ಕೂಸು ಸತ್ತವು. ಒಂದೂವರೆ ವರ್ಷ ಮೊದಲೇ ನಾಯಿಗಳು ಸತ್ತು ಹೇಳಿದ್ದವು. ನಾಯಿ ತಾನೇ ಎಂದು ಬಿಟ್ಟೆವು.

ಇನ್ನು ಮುಂದೆ ಅಧ್ಯಾಯವಿಲ್ಲ, ಓದಬೇಕಾದ್ದನ್ನಷ್ಟೇ ಹೇಳುತ್ತೇನೆ. ಚೀಲ ತಿರುಗಿಸಿ. ಹಿಂಬದಿಯಲ್ಲಿ, ಭೂತಗನ್ನಡಿ ಬೇಡುವ ಅಕ್ಷರದಲ್ಲಿ, ಇದು ‘ಕಂಪ್ಲೀಟ್ ಅಂಡ್ ಬ್ಯಾಲೆನ್ಸ್ಡ್’ ಹೌದೋ ಅಲ್ಲವೋ, ಹೌದಾದರೆ ಯಾವ ವಯಸ್ಸಿಗೆ ಎಂದಿರಬೇಕು. ಆ ಸಾಲಿಲ್ಲದ್ದು ಊಟವಲ್ಲ, ಕುರುಕಲು. ಲ್ಯಾಬ್ರಡಾರ್, ಗ್ರೇಟ್ ಡೇನ್‌ನಂಥ ದೊಡ್ಡ ಜಾತಿಯ ಮರಿಯಾದರೆ ಅದಕ್ಕೆಂದೇ ಮಾಡಿದ ಆಹಾರ ಬೇಕು. ಅವುಗಳಿಗೆ ಸುಣ್ಣದ ಅಂಶ ಹೆಚ್ಚಾದರೂ ಮೂಳೆ ಸೊಟ್ಟ ಬೆಳೆಯುತ್ತದೆ. ಆಫ್ಕೊ ಮಿತಿ, ನೀರು ಕಳೆದು, 1.8%. ಚೆನ್ನಾಗಿ ಬೆಳೆಯಲಿ ಎಂದು ಮೇಲೆ ಕ್ಯಾಲ್ಸಿಯಂ ಸಿರಪ್ ಕುಡಿಸುವ ಮಹನೀಯರು ಇದನ್ನು ಎರಡು ಸಲ ಓದಬೇಕು. ಆಮೇಲೆ ತಯಾರಾದ ತಾರೀಖು, ನೂರು ಗ್ರಾಮಿಗೆ ಎಷ್ಟು ಕ್ಯಾಲೊರಿ.

ಯಾವುದು ಹಾಕಬೇಕೆಂದು ಇಷ್ಟು ಗದ್ದಲ ಮಾಡುವ ನಾವು ಎಷ್ಟು ಹಾಕಬೇಕೆಂದು ಕೇಳುವುದೇ ಇಲ್ಲ. ಅದೇ ಪ್ಯೂರಿನಾ ಕಂಪನಿ 48 ಲ್ಯಾಬ್ರಡಾರ್‌ಗಳನ್ನು ಮರಿಯಿಂದ ಸಾಯುವವರೆಗೆ ಗಮನಿಸಿ 2002ರಲ್ಲಿ ಫಲಿತಾಂಶ ಪ್ರಕಟಿಸಿತು. ಎಲ್ಲಕ್ಕೂ ಒಂದೇ ಊಟ. ಅರ್ಧದಷ್ಟಕ್ಕೆ ಮಾತ್ರ ಕಾಲುಭಾಗ ಕಡಿಮೆ. ಕಡಿಮೆ ತಿಂದವು ಸುಮಾರು 13 ವರ್ಷ ಬದುಕಿದವು, ಇತರವು 11 ಚಿಲ್ಲರೆ. ಚೀಲ ಬದಲಿಸದೆ, ಒಂದು ಪೈಸೆ ಹೆಚ್ಚು ಖರ್ಚಿಲ್ಲದೆ, ಹತ್ತಿರ ಹತ್ತಿರ ಎರಡು ವರ್ಷ. ‘ಕಡಿಮೆ ಹಾಕಿ’ ಎಂದು ಮುಂಬದಿಯಲ್ಲಿ ದಪ್ಪಕ್ಷರದಲ್ಲಿ ಅಚ್ಚಾದ ಚೀಲವನ್ನು ಯಾವ ಗೋಡೆಯ ಮೇಲೂ ಕಾಣೆ.

ಮತ್ತೆ, ಇದೆಲ್ಲ ಚೀಲ ಕೊಳ್ಳುವವರ ಕಥೆ. ತಾಲ್ಲೂಕು ಪೇಟೆಗಳಲ್ಲಿ ದೊಡ್ಡ ಚೀಲ ಬಿಚ್ಚಿ ಅರ್ಧ ಕೆಜಿ, ಕಾಲು ಕೆಜಿ ಲೂಸಾಗಿ ಅಳೆದು ಕೊಡುತ್ತಾರೆ. ಯಾವ ಕಂಪನಿಯದಾದರೂ ಅದಕ್ಕೆ ಪೆಡಿಗ್ರಿ ಎಂದೇ ಹೆಸರು. ಕೊಳ್ಳುವವರು ಆಟೋ ಓಡಿಸುವವರು, ಹಾಸ್ಟೆಲ್ ಕಾವಲುಗಾರರು, ತಮ್ಮ ಊಟದಲ್ಲಿ ಉಳಿಸಿ ಬೀದಿ ನಾಯಿಗೆ ಹಾಕುವವರು. ಅವರ ಕೈಗೆ ಬರುವ ಪ್ಲಾಸ್ಟಿಕ್ ಕವರಿನ ಮೇಲೆ ತಾರೀಖಿಲ್ಲ, ವಯಸ್ಸಿಲ್ಲ, ಏನೂ ಇಲ್ಲ. ಬಾಯಿ ತೆರೆದಿಟ್ಟ ಚೀಲದಲ್ಲಿ ಮೇಲೆ ಸಿಂಪಡಿಸಿದ ಕೊಬ್ಬು ಗಾಳಿ ತಾಗಿ ಕಮಟುತ್ತದೆ. ಮೂಗು ಹತ್ತಿರ ತಂದರೆ ತಿಳಿಯುತ್ತದೆ.

ಅಂಥ ಒಂದು ಅಂಗಡಿಯಲ್ಲಿ ಚೀಲ ಎಲ್ಲಿದೆ, ಹಿಂಬದಿ ನೋಡಬೇಕಿತ್ತು ಎಂದೆ. ಮಳೆಯ ಇರಚಲಿಗೆ ಅಡ್ಡವಾಗಿ ಬಾಗಿಲಿಗೆ ಕಟ್ಟಿದ್ದ ಅದನ್ನು ಯಜಮಾನರು ತೋರಿಸಿದರು. ಎದ್ದು ಅದರತ್ತ ಹೋಗುತ್ತಿದ್ದವನನ್ನು ನೋಡಿ ನಕ್ಕರು.

‘ಓದಿ ಏನ್ ಮಾಡ್ತೀರ ಸಾರ್, ತಿನ್ನೋದು ನಾಯಿ ಅಲ್ವಾ? ಎಷ್ಟು ಕಟ್ಟಲಿ?’