ಪೊಸೈಡನ್ನಿಗೆ ಅಜ್ಜಿಯ ಕೈಮುಗಿತ

ರಾಜಘಟ್ಟದ ನಮ್ಮ ಪಕ್ಕದ್ಮನೆ ಹುಡುಗಿಗೆ ಪರ್ಸಿ ಜಾಕ್ಸನ್ ಕಾದಂಬರಿಗಳ ಹುಚ್ಚು. ನೋಟ್‌ಬುಕ್ಕಿನ ಹಿಂದಿನ ಹಾಳೆಗಳ ತುಂಬ ಪರ್ಸಿಯ ಅಪ್ಪ, ಗ್ರೀಕರ ಕಡಲದೇವರು ಪೊಸೈಡನ್. ಕೈಲಿ ತ್ರಿಶೂಲ ಕಂಡ ಅವಳಜ್ಜಿ, “ಶಿವಪ್ಪನಿಗೆ ಗಡ್ಡ ಯಾಕೇ ಬರೆದೆ?” ಅನ್ನುತ್ತಲೇ ಕೈಮುಗಿದರು.

ಓದೋದು ಬಿಟ್ಟು ಗೀಚ್ತಾಳೆ ಅಂತ ಅಮ್ಮನ ದೂರು. ಗೀಚಿದ್ದು ಎಲ್ಲಿಗೆ ಮುಟ್ಟುತ್ತೋ ಯಾರು ಬಲ್ಲರು ತಾಯಿ? 2015ರಲ್ಲಿ ಕಾಸರಗೋಡಿನ ಕುಂಬಳೆಯ ಕರಣ್ ಆಚಾರ್ಯ ಊರ ಹುಡುಗರ ಬಾವುಟಕ್ಕೆಂದು ಬರೆದ ಹುಬ್ಬುಗಂಟಿನ ಹನುಮ, ದೇಶದ ಕಾರುಗಳ ಹಿಂಗಾಜಿಗೇ ಹಾರಿ ಕೂತ. ಪೆಟ್ರೋಲೂ ಕಾರಿನವರದ್ದೇ!

ನಮ್ಮೂರೇನು ಕಮ್ಮಿಯೇ? 2001ರಲ್ಲಿ ಇಲ್ಲಿ ಅಗೆದಾಗ ಬೌದ್ಧ ಚೈತ್ಯ, ವಿಹಾರದ ಜತೆ ಹರಕೆಯ ಪುಟಾಣಿ ಮಣ್ಣಿನ ಸ್ತೂಪಗಳು ಸಿಕ್ಕವು. ಸಾವಿರಕ್ಕೂ ಹೆಚ್ಚು ವರ್ಷ ಹಳೆಯ ಅಭಿಮಾನಿಗಳ ಕೈಕೆಲಸ! ಅವರಿಗೂ ಮನೇಲಿ ಬೈಗುಳ ಬಿದ್ದಿರಬೇಕು: “ಮಣ್ಣಾಟ ಸಾಕು, ದನ ಹೊಡ್ಕೊಂಡು ಹೋಗು!”