ಒಂಬತ್ತು ಸ್ಲಿಪ್ಪಿನ ಶಾಸ್ತ್ರ

ಕ್ರಿಕೆಟಿನಲ್ಲಿ ಬೌಲರ್ ಮತ್ತು ವಿಕೆಟ್ ಕೀಪರ್ ಇಬ್ಬರನ್ನು ಕಳೆದರೆ ಉಳಿಯುವ ಒಂಬತ್ತು ಮಂದಿಯನ್ನು ಓಟ ತಡೆಯಲೆಂದು ದೂರ ನಿಲ್ಲಿಸಬೇಕೇ, ಕ್ಯಾಚಿನ ಆಸೆಯಿಂದ ಬ್ಯಾಟಿನ ಬುಡಕ್ಕೆ ಸೇರಿಸಬೇಕೇ ಎಂಬುದರಲ್ಲಿ ನಾಯಕನ ಸ್ವಭಾವವೆಲ್ಲ ಬಯಲಾಗುತ್ತದೆ. ಎರಡನೆಯ ದಾರಿ ಹಿಡಿದವನನ್ನು ಗೆದ್ದರೆ ಆಕ್ರಮಣಕಾರಿಯೆಂದೂ ಸೋತರೆ ತಲೆಕೆಟ್ಟವನೆಂದೂ ಕರೆಯುವುದು ವಾಡಿಕೆ. ಬ್ಯಾಟಿನ ಅಂಚಿಗೆ ತಾಗಿ ಹಿಂದಕ್ಕೆ ಹಾರುವ ಚೆಂಡಿಗಾಗಿ ಕೀಪರನ ಪಕ್ಕದಲ್ಲಿ ಬಾಗಿ ಕಾಯುವ ಜಾಗ ಸ್ಲಿಪ್. ಆಟಗಾರನ ಕಾಲ ಬದಿಯಲ್ಲಿ ಕೈಯಳತೆಯಷ್ಟೇ ದೂರದಲ್ಲಿ ಕುಕ್ಕರಿಸುವ ಜಾಗ ಶಾರ್ಟ್ ಲೆಗ್. 1999ರ ಫೆಬ್ರವರಿಯಲ್ಲಿ ದೆಹಲಿಯಲ್ಲಿ ಅನಿಲ್ ಕುಂಬ್ಳೆ ಪಾಕಿಸ್ತಾನದ ಹತ್ತೂ ವಿಕೆಟ್ ಕಿತ್ತಾಗ ಹತ್ತನೆಯ ಕ್ಯಾಚ್ ಹಿಡಿದ ಲಕ್ಷ್ಮಣ್ ನಿಂತಿದ್ದುದು ಈ ಶಾರ್ಟ್ ಲೆಗ್ಗಿನಲ್ಲಿಯೇ. ಅದೇ ವರ್ಷ ಹರಾರೆಯಲ್ಲಿ ಆಸ್ಟ್ರೇಲಿಯಾದ ಸ್ಟೀವ್ ವಾ ಜಿಂಬಾಬ್ವೆಯ ಕೊನೆಯ ಆಟಗಾರನಿಗೆ ಒಂಬತ್ತೂ ಜನರನ್ನು ಸ್ಲಿಪ್ಪಿನಲ್ಲಿ ಸಾಲಾಗಿ ನಿಲ್ಲಿಸಿದರು.

ಈ ಹುಚ್ಚಿಗೆ ನಿಯಮಗಳು ಅಡ್ಡಿಯಾಗಿಲ್ಲ, ಅವು ತಡೆದದ್ದು ಬೇರೆಯದನ್ನು. 1932-33ರಲ್ಲಿ ಆಸ್ಟ್ರೇಲಿಯಾದ ಬ್ಯಾಟ್ಸ್‌ಮನ್ ಬ್ರಾಡ್ಮನ್‌ರನ್ನು ಕಟ್ಟಿಹಾಕಲು ಇಂಗ್ಲೆಂಡಿನ ನಾಯಕ ಜಾರ್ಡಿನ್ ಕಾಲ ಬದಿಯಲ್ಲಿ ಜನರನ್ನು ಗುಂಪುಗೂಡಿಸಿ, ವೇಗದ ಬೌಲರ್ ಲಾರ್ವುಡ್ ಕೈಯಲ್ಲಿ ಮೈಮೇಲೆಯೇ ಚೆಂಡೆಸೆಯಿಸಿದರು. ದಶಕಗಳ ತರುವಾಯ, ಬೌಲರ್ ಚೆಂಡು ಬಿಡುವ ಕ್ಷಣದಲ್ಲಿ ಕ್ರೀಸಿನ ಹಿಂದೆ ಕಾಲ ಬದಿಯಲ್ಲಿ ಕೀಪರನ ಹೊರತು ಇಬ್ಬರಿಗಿಂತ ಹೆಚ್ಚು ಜನ ಇದ್ದರೆ ಅದು ನೋಬಾಲ್ ಎಂದಾಯಿತು. ಇದು ಇಂದಿನ 28ನೆಯ ನಿಯಮದ ಒಂದು ಭಾಗ.

ಭಟ್ಕಳದಿಂದ ಕುಮಟಾದವರೆಗೆ ಕೊಯ್ಲು ಮುಗಿದ ಗದ್ದೆಗಳಲ್ಲಿ ಟೆನ್ನಿಸ್ ಚೆಂಡಿನಿಂದ ನಡೆಯುವ ಆಟಕ್ಕೆ ಈ ನಿಯಮ ಅನ್ವಯಿಸುವುದೇ ಎಂಬ ಜಿಜ್ಞಾಸೆಗೆ ಹೊನ್ನಾವರದ ಸಮೀಪದ ಒಂದು ಗದ್ದೆಯಲ್ಲಿ ಪರಿಹಾರ ದೊರೆಯಿತು. ಅಲ್ಲಿ ನಾಯಕನೂ ಬೌಲರನೂ ಆಗಿದ್ದ ಪ್ರಸ್ತುತ ಪ್ರಬಂಧಕಾರನು ಹರಾರೆಯನ್ನು ಮೀರಿಸುವ ಉತ್ಸಾಹದಲ್ಲಿ ಒಂಬತ್ತು ಸ್ಲಿಪ್ ನಿಲ್ಲಿಸಿದನು. ಯಕ್ಷಗಾನದ ಒಡ್ಡೋಲಗದಂತೆ ಗಂಭೀರವಾಗಿ ಹರಡಿಕೊಂಡ ಈ ಸಾಲಿನಲ್ಲಿ ಏಳನೆಯವನು ಗದ್ದೆಯ ಬದುವಿನ ಮೇಲೂ ಎಂಟನೆಯವನು ಬದುವಿನಾಚೆಯೂ ನಿಂತಿದ್ದು, ಒಂಬತ್ತನೆಯವನು ತೆಂಗಿನ ಮರದ ಮರೆಯಲ್ಲಿದ್ದುದರಿಂದ ಅವನ ಇರವನ್ನು ಕೂಗಿಯೇ ಖಚಿತಪಡಿಸಿಕೊಳ್ಳಬೇಕಾಯಿತು. ದಾರಿಹೋಕ ಹಿರಿಯರೊಬ್ಬರು ನಿಂತು, “ತಮಾ, ಎಲ್ರೂ ಅಲ್ಲೇ ಎಂತಕ್ಕೆ ನಿಂತದ್ದು?” ಎಂದು ಕೇಳಿದ ಪ್ರಶ್ನೆಗೆ ಶಾಸ್ತ್ರೀಯ ಉತ್ತರವಿದ್ದರೂ, ಟೆನ್ನಿಸ್ ಚೆಂಡು ಅಂಚಿಗೆ ತಾಗಿದರೆ ಸ್ಲಿಪ್ಪಿನವರೆಗೆ ಹಾರದೆ ಕೂಳೆಯಲ್ಲಿಯೇ ಬಿದ್ದುಬಿಡುತ್ತದೆ ಎಂಬ ಸತ್ಯ ಆ ಉತ್ತರದಲ್ಲಿ ಸೇರಿರಲಿಲ್ಲ. ಬ್ಯಾಟ್ಸ್‌ಮನ್ ಚೆಂಡನ್ನು ಮೆಲ್ಲನೆ ಕವರ್ಸ್ ಕಡೆಗೆ, ಎಂದರೆ ಕಾಲ ಬದಿಗೆ ಎದುರಾದ ಆಫ್ ಬದಿಯ ಮುಂಭಾಗಕ್ಕೆ, ತಳ್ಳಿದನು. ಅಲ್ಲಿ ಯಾರೂ ಇರಲಿಲ್ಲ, ಎಲ್ಲಿಯೂ ಯಾರೂ ಇರಲಿಲ್ಲ. ಬೌಲರನೇ ಓಡಿ, ಗದ್ದೆ ದಾಟಿ, ತೋಡಿಗಿಳಿದು ಚೆಂಡನ್ನು ತರುವಷ್ಟರಲ್ಲಿ ಅವರು ಮೂರು ಓಟ ಮುಗಿಸಿದ್ದರು, ಒಂಬತ್ತು ಸ್ಲಿಪ್ಪುಗಳು ಬಾಗಿದ್ದ ಬೆನ್ನನ್ನೂ ಎತ್ತಿರಲಿಲ್ಲ. ಮೂರು ಓಟದ ಫಲವಾಗಿ ಎಡಗೈ ಆಟಗಾರ ಎದುರಿಗೆ ಬಂದನು. ಎಡಗೈಯವನಿಗೆ ಬದಿಗಳು ಅದಲುಬದಲಾಗುವುದರಿಂದ, ಕದಲದೆ ನಿಂತಿದ್ದ ಒಂಬತ್ತೂ ಜನ ನಿಂತಲ್ಲಿಯೇ ಕಾಲ ಬದಿಯವರಾಗಿ, ಜಾರ್ಡಿನ್ ಕೂಡ ಕನಸು ಕಾಣದ ಪ್ರಮಾಣದಲ್ಲಿ ಅಪರಾಧಿಗಳಾದರು. ಮುಂದಿನ ಚೆಂಡಿಗೆ ಅಂಪೈರ್ ನೋಬಾಲ್ ಎಂದನು. ಅವನು ಎದುರು ತಂಡದವನೇ, ಬ್ಯಾಟಿಂಗ್ ಸರದಿ ಕಾಯುತ್ತಿದ್ದವನು, ಎಲ್‌ಬಿಡಬ್ಲ್ಯು ಎಂಬುದನ್ನು ಜನ್ಮದಲ್ಲಿ ಒಪ್ಪದವನು. ಆದರೂ ಈ ಒಂದು ನಿಯಮ ಮಾತ್ರ ಅವನಿಗೆ ಬಾಯಿಪಾಠವಾಗಿತ್ತು.

ಜನರನ್ನು ದೂರ ಹೋಗಗೊಡದ ನಿಯಮವೂ ಒಂದಿದೆ. ಏಕದಿನ ಪಂದ್ಯಗಳ ಈ ಪವರ್‌ಪ್ಲೇ ನಿಯಮವನ್ನು, ಎಂದರೆ ಮೊದಲ 10 ಓವರುಗಳಲ್ಲಿ 30 ಗಜದ ವೃತ್ತದ ಹೊರಗೆ ಇಬ್ಬರಿಗಿಂತ ಹೆಚ್ಚು ಜನ ಇರಬಾರದೆಂಬ ಕಟ್ಟಳೆಯನ್ನು, ಆಕ್ರಮಣಕ್ಕೆ ಕೊಟ್ಟ ಪ್ರೋತ್ಸಾಹವೆಂದು ವಿವರಿಸುವವರಿದ್ದಾರೆ. ವಾಸ್ತವದಲ್ಲಿ ಅದು ಬ್ಯಾಟ್ಸ್‌ಮನ್ನನಿಗೆ ಕೊಟ್ಟ ಬೌಂಡರಿಯ ಉಂಬಳಿ. ಆ ಅವಧಿಯಲ್ಲಿ ಇಬ್ಬರು ಕ್ಯಾಚಿನ ಜಾಗದಲ್ಲಿ ನಿಲ್ಲಲೇಬೇಕೆಂದಿದ್ದ ಅಲ್ಪ ಮರ್ಯಾದೆಯನ್ನೂ 2015ರಲ್ಲಿ ತೆಗೆದುಹಾಕಲಾಯಿತು.

ಹತ್ತಿರ ನಿಲ್ಲುವುದು ಎಲ್ಲ ಕಾಲಕ್ಕೂ ನಗೆಯ ವಿಷಯವಲ್ಲ. 1998ರ ಫೆಬ್ರವರಿಯಲ್ಲಿ ಢಾಕಾದಲ್ಲಿ ಹೆಲ್ಮೆಟ್ ಇಲ್ಲದೆ ಶಾರ್ಟ್ ಲೆಗ್ಗಿನಲ್ಲಿ ನಿಂತಿದ್ದ ಭಾರತದ ರಮಣ್ ಲಾಂಬಾ ತಲೆಗೆ ಚೆಂಡು ಬಡಿದು ಕೆಲವೇ ದಿನಗಳಲ್ಲಿ ತೀರಿಕೊಂಡರು. ಆದಕಾರಣ ಲೆದರ್ ಚೆಂಡಿನ ಆಟದಲ್ಲಿ ಹುಡುಗರನ್ನು ಆ ಜಾಗಕ್ಕೆ ಕಳಿಸುವ ನಾಯಕರು ಮೊದಲು ಅವರ ತಲೆಗೆ ಹೆಲ್ಮೆಟ್ ತೊಡಿಸಬೇಕು. ಸ್ಲಿಪ್ಪಿನ ಬಗ್ಗೆ ಅವರು ನಿಶ್ಚಿಂತೆಯಿಂದಿರಬಹುದು: ಆಫ್ ಬದಿಯಲ್ಲಿ ಎಷ್ಟು ಜನ ನಿಲ್ಲಬಹುದೆಂಬುದಕ್ಕೆ 28ನೆಯ ನಿಯಮದಲ್ಲಿ ಇಂದಿಗೂ ಮಿತಿಯಿಲ್ಲ.