ಭಾವನ ಮುಂಜಾಗ್ರತೆ

2019ರ ಆಗಸ್ಟಿನಲ್ಲಿ ಕಪಿಲೆ ಉಕ್ಕಿ ನಂಜನಗೂಡಿನ ಹದಿನಾರು ಕಾಲು ಮಂಟಪ ಮುಳುಗಿದ್ದೇ ತಡ, ತಗಡೂರಿನ ನಮ್ಮ ಭಾವನಿಗೆ ಮುಂಜಾಗ್ರತೆ ಮೈಮೇಲೆ ಬಂತು. ನೆರೆಗಾಲಕ್ಕೆಂದು ಆರ್‌ಓ ಯಂತ್ರವೊಂದು ಗೋಡೆಯೇರಿತು. ನೀಲಿ ದೀಪ, ತುಂಬಿದರೆ ಸಂಗೀತ!

"ಕರೆಂಟು ಹೋದ್ರೆ ಏನ್ರೀ ಮಾಡೋದು?" ಎಂದಳು ಅಕ್ಕ.

"ಯುಪಿಎಸ್ ತರೋಣ ಕಣೇ."

"ನಲ್ಲೀಲಿ ನೀರೇ ನಿಂತ್ರೆ?"

ಭಾವ ಕಾಫಿ ಕೇಳಿದರು.

ಪಂಪು ಒತ್ತದೆ ಆರ್‌ಓ ಪೊರೆಯಲ್ಲಿ ನೀರು ಇಳಿಯದು. ಮಳೆಗಾಲದಲ್ಲಿ ಮೊದಲು ಕೈಕೊಡುವುದೇ ಕರೆಂಟು. ಅಕ್ಕ ಅಟ್ಟದಿಂದ ಹಳೇ ಕ್ಯಾಂಡಲ್ ಫಿಲ್ಟರ್ ಇಳಿಸಿದಳು. ಕೆನ್ನೀರಿಗೆ ಪಟಿಕ ಆಡಿಸಿ, ತಿಳಿಯನ್ನು ಪಂಚೆಯಲ್ಲಿ ಸೋಸಿ (ಪಂಚೆ ಭಾವನದೇ, ಒಗೆದದ್ದು), ಫಿಲ್ಟರಿಗೆ ಸುರಿದಳು. ಕ್ಯಾಂಡಲಿಗೆ ವೈರಸ್ ಸಿಗದು, ಆದ್ದರಿಂದ ಕೊನೆಗೆ ಕೊತಕೊತ ಕುದಿಸಲೇಬೇಕು.

ನೀವೂ ಕೊಳ್ಳುವುದಾದರೆ ಕರೆಂಟು ಬೇಡದ ಫಿಲ್ಟರನ್ನೇ ಕೊಳ್ಳಿ. ಸಂಗೀತಕ್ಕೆ ರೇಡಿಯೋ ಇದೆ.